‘ಕಾಮನ್‌ವೆಲ್ತ್’: ಒಂದು ಮಾತಿನ ಚರಿತ್ರೆ



ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು, ತತ್ತ್ವಜ್ಞನಾದ ಥಾಮಸ್ ಹಾಬ್ಸನು ಅರಸನಿಲ್ಲದ ರಾಜ್ಯದ ಪಕ್ಷಪಾತಿಯೆಂದು ಪರೀಕ್ಷೆಯಲ್ಲಿ ಬರೆದಿದ್ದನು. ಆಧಾರವೇನೆಂದು ಕರೆದು ಕೇಳಿದೆನು. ‘ಲೆವಯಥನ್ ಗ್ರಂಥ ಅಚ್ಚಾದುದು 1651ರಲ್ಲಿ ಸಾರ್. ಆಗ ಇಂಗ್ಲೆಂಡು ಕಾಮನ್‌ವೆಲ್ತ್ ಆಗಿತ್ತು. ಪುಸ್ತಕದ ಮುಖಪುಟದಲ್ಲಿಯೂ ಕಾಮನ್‌ವೆಲ್ತ್ ಎಂದೇ ಇದೆ’ ಎಂದನು. ಹುಡುಗನ ತರ್ಕದಲ್ಲಿ ದೋಷವಿರಲಿಲ್ಲ. ದೋಷವೆಲ್ಲ ಆ ಮಾತಿನದು. ಅಂಕ ಕಳೆಯುವಾಗ ನನಗೆ ಸಂಕೋಚವೇ ಆಯಿತು.

ಇಂದು ಈ ಮಾತನ್ನು ಕೇಳಿದೊಡನೆ ನಮಗೆ ನೆನಪಾಗುವುದು ಆಟೋಟಗಳ ಪಂದ್ಯ. ಬಿಡಿಸಿ ನೋಡಿದರೆ ‘ಎಲ್ಲರ ಐಶ್ವರ್ಯ’ ಎಂದು ತೋರುತ್ತದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ‘ವೆಲ್ತ್’ ಎಂದರೆ ಹಣಕಾಸು ಮಾತ್ರವಲ್ಲ, ಕ್ಷೇಮ, ಸುಸ್ಥಿತಿ. ‘ಕಾಮನ್ ವೀಲ್’ ಎಂದರೂ ಅದೇ: ಸರ್ವರ ಕ್ಷೇಮ. ಲ್ಯಾಟಿನ್ನಿನ ‘ರೆಸ್ ಪಬ್ಲಿಕ’ ಎಂಬುದಕ್ಕೆ ಆಂಗ್ಲ ಪಂಡಿತರು ಇದನ್ನು ಪ್ರತಿಪದವಾಗಿ ಹಿಡಿದರು. ಎಲ್ಲರೂ ಅಲ್ಲ. ಸರ್ ಥಾಮಸ್ ಎಲಿಯಟ್ ಎಂಬಾತನು 1531ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಆರಂಭದಲ್ಲಿಯೇ ಇದಕ್ಕೆ ಆಕ್ಷೇಪಣೆ ಎತ್ತಿದನು. ‘ಕಾಮನ್’ ಎಂದರೆ ಸಾಮಾನ್ಯ ಜನ ಎಂದೂ ಆಗುವುದಷ್ಟೆ? ಹಾಗಾದರೆ ಸಾಮಾನ್ಯರೊಬ್ಬರೇ ಸಂಪನ್ನರಾಗಿ ಕುಲೀನರು ದರಿದ್ರರಾಗಬೇಕೆ, ಅಥವಾ ಎಲ್ಲರೂ ಒಂದೇ ಅಂತಸ್ತಿನವರಾಗಬೇಕೆ ಎಂಬುದು ಆತನ ಭಯ. ಆದುದರಿಂದ ‘ಪಬ್ಲಿಕ್ ವೀಲ್’ ಎಂಬ ಮಾತೇ ಲೇಸೆಂದನು. ವ್ಯಾಕರಣದ ಹೆಸರಿನಲ್ಲಿ ನಡೆದ ಈ ವಾದ ವಾಸ್ತವವಾಗಿ ‘ಎಲ್ಲರು’ ಎಂದರೆ ಯಾರು ಎಂಬುದನ್ನು ಕುರಿತದ್ದು. ಎಲಿಯಟ್ಟನ ಸಲಹೆಯನ್ನು ಭಾಷೆ ಕೇಳಲಿಲ್ಲ. ಆತನ ಭಯ ಮಾತ್ರ ಒಂದು ಶತಮಾನದ ತರುವಾಯ ಅರ್ಧದಷ್ಟು ನಿಜವಾಯಿತು.

ಅಷ್ಟರವರೆಗೆ ಕಾಮನ್‌ವೆಲ್ತ್ ಎಂದರೆ ಯಾವುದೇ ಸುವ್ಯವಸ್ಥಿತ ರಾಜ್ಯ. ಅದಕ್ಕೆ ಅರಸನಿದ್ದರೂ ಸರಿ, ಇಲ್ಲದಿದ್ದರೂ ಸರಿ. ಎಲಿಜಬೆತ್ ರಾಣಿಯ ಮಂತ್ರಿಗಳಲ್ಲೊಬ್ಬನಾದ ಸರ್ ಥಾಮಸ್ ಸ್ಮಿತ್ತನು ಆಕೆಯ ರಾಜ್ಯವನ್ನು ಹಾಗೆ ಕರೆದರೆ ಯಾರೂ ಅದನ್ನು ರಾಜದ್ರೋಹವೆನ್ನಲಿಲ್ಲ. ಹಾಬ್ಸನು ಬರೆದದ್ದು ಈ ಹಳೆಯ ಅರ್ಥದಲ್ಲಿ. ರಾಜಪ್ರಭುತ್ವವೇ ಉತ್ತಮವಾದ ಕಾಮನ್‌ವೆಲ್ತ್ ಎಂಬುದು ಆತನ ಮತ. ಆದರೆ ಆತನ ಪುಸ್ತಕಕ್ಕೆ ಎರಡು ವರ್ಷ ಮುಂಚೆ, 1649ನೆಯ ಜನವರಿ 30ರಂದು, ಮೊದಲನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾಗಿತ್ತು. ಅದೇ ಮೇ 19ರಂದು ಪಾರ್ಲಿಮೆಂಟು, ಇಂಗ್ಲೆಂಡು ಇನ್ನು ಮುಂದೆ ದೊರೆಯೂ ಪ್ರಭುಸಭೆಯೂ ಇಲ್ಲದ ‘ಕಾಮನ್‌ವೆಲ್ತ್ ಮತ್ತು ಸ್ವತಂತ್ರ ರಾಜ್ಯ’ವೆಂದು ಶಾಸನ ಮಾಡಿತು. ಅಂದಿನಿಂದ ಮಾತಿಗೆ ರಕ್ತದ ಕಲೆ ಅಂಟಿತು. 1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಬಂದ ಮೇಲೆ ‘ಕಾಮನ್‌ವೆಲ್ತಿನವನು’ ಎಂಬುದು ಬಹುಕಾಲ ಬೈಗುಳಕ್ಕೆ ಸಮನಾಗಿತ್ತು.

ಸಮುದ್ರದಾಚೆ ಅದಕ್ಕೆ ಮಾನ ದೊರೆಯಿತು. ದೊರೆಯನ್ನು ತೊರೆದ ಅಮೆರಿಕದಲ್ಲಿ ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯ, ವರ್ಜೀನಿಯ, ಕೆಂಟಕಿ ಎಂಬ ನಾಲ್ಕು ರಾಜ್ಯಗಳು ಈಗಲೂ ಆ ಹೆಸರನ್ನು ಧರಿಸಿವೆ. ಆಸ್ಟ್ರೇಲಿಯದ ವಸಾಹತುಗಳ ಪ್ರತಿನಿಧಿಗಳು 1891ರಲ್ಲಿ ಸಿಡ್ನಿಯಲ್ಲಿ ಸೇರಿ ಇದೇ ಹೆಸರನ್ನು ಆಲೋಚಿಸಿದಾಗ, ಇದರಲ್ಲಿ ಕ್ರಾಮ್‌ವೆಲ್ಲನ ವಾಸನೆಯಿದೆಯೆಂದು ಕೆಲವರು ಮೂಗು ಮುರಿದರು. ಆದರೂ ಹೆಸರು ನಿಂತಿತು. 1901ನೆಯ ಜನವರಿ 1ರಂದು ವಿಕ್ಟೋರಿಯ ರಾಣಿಯ ಛತ್ರದಡಿಯಲ್ಲಿಯೇ ಒಂದು ಕಾಮನ್‌ವೆಲ್ತ್ ಹುಟ್ಟಿತು.

ಇಷ್ಟು ಪಳಗಿದ ಮೇಲೆ ಸಾಮ್ರಾಜ್ಯಕ್ಕೂ ಈ ಮಾತು ಬೇಕಾಯಿತು. ‘ಎಂಪೈರ್’ ಎಂಬುದು ಕಿವಿಗೆ ಒರಟಾಗತೊಡಗಿತ್ತಷ್ಟೆ. 1921ರ ಐರಿಷ್ ಒಪ್ಪಂದದಲ್ಲಿ ‘ರಾಷ್ಟ್ರಗಳ ಬ್ರಿಟಿಷ್ ಕಾಮನ್‌ವೆಲ್ತ್’ ಎಂಬ ಮಾತು ಪ್ರತಿಜ್ಞಾವಚನದಲ್ಲಿ ಸೇರಿತು. 1926ರ ಲಂಡನ್ ಪರಿಷತ್ತು ಅದಕ್ಕೆ ಲಕ್ಷಣ ಹೇಳಿತು: ಬ್ರಿಟನ್ನೂ ಡೊಮಿನಿಯನ್ನುಗಳೂ ಪರಸ್ಪರ ಸಮಾನ, ಅವುಗಳನ್ನು ಬೆಸೆಯುವುದು ಕಿರೀಟಕ್ಕೆ ತೋರುವ ನಿಷ್ಠೆ. ದೊರೆಯನ್ನು ಕೊಂದವರ ಮಾತು ದೊರೆಯ ನಿಷ್ಠೆಗೆ ಗುರುತಾಯಿತು! ಇಂತಹ ಪಲ್ಲಟ ಶಬ್ದಗಳ ಚರಿತ್ರೆಯಲ್ಲಿ ಅಪರೂಪ.

ಇನ್ನು ನಮ್ಮ ಕಡೆಗೆ ಬರೋಣ. ಮದರಾಸಿನಲ್ಲಿ ಆನಿ ಬೆಸೆಂಟರು 1914ರಲ್ಲಿ ಹೊರಡಿಸಿದ ವಾರಪತ್ರಿಕೆಯ ಹೆಸರು ‘ಕಾಮನ್‌ವೀಲ್’. ಅವರು 1925ರಲ್ಲಿ ಮುಂದಿಟ್ಟ ರಾಜ್ಯಾಂಗದ ಮಸೂದೆ ‘ಕಾಮನ್‌ವೆಲ್ತ್ ಆಫ್ ಇಂಡಿಯ ಬಿಲ್’. ಆದರೆ 1929ರಲ್ಲಿ ಲಾಹೋರಿನ ಕಾಂಗ್ರೆಸ್ಸು ಪೂರ್ಣ ಸ್ವಾತಂತ್ರ್ಯವನ್ನೇ ಗುರಿಯಾಗಿಟ್ಟುಕೊಂಡಿತು. ಸ್ವತಂತ್ರ ಭಾರತವು ಗಣರಾಜ್ಯವಾಗತಕ್ಕದ್ದೆಂದು ಸಂವಿಧಾನ ಸಭೆ 1947ನೆಯ ಜನವರಿಯಲ್ಲಿ ನಿಶ್ಚಯಿಸಿತು. ಅರಸನಿಲ್ಲದ ದೇಶಕ್ಕೆ ಅರಸನ ನಿಷ್ಠೆಯ ಮಂಡಲಿಯಲ್ಲಿ ಸ್ಥಾನವೆಲ್ಲಿ? ಐರ್ಲೆಂಡು 1949ನೆಯ ಏಪ್ರಿಲ್ 18ರಂದು ಗಣರಾಜ್ಯವಾಯಿತು, ಅಂದೇ ಹೊರಗಾಯಿತು. ಅದೇ ತಿಂಗಳ ಕೊನೆಗೆ ಲಂಡನ್ನಿನಲ್ಲಿ ಎಂಟು ದೇಶಗಳು ಒಪ್ಪಿದ ಘೋಷಣೆಯಲ್ಲಿ ಭಾರತವು ಗಣರಾಜ್ಯವಾಗಿಯೇ ಒಳಗುಳಿಯಿತು. ನಿಷ್ಠೆಯ ಮಾತನ್ನು ಭಾರತಕ್ಕೆ ಅನ್ವಯಿಸಲಿಲ್ಲ. ದೊರೆ ಕೇವಲ ಸ್ವತಂತ್ರ ರಾಷ್ಟ್ರಗಳ ಕೂಟದ ಸಂಕೇತ, ಆ ಕಾರಣದಿಂದ ಅದರ ಮುಖ್ಯಸ್ಥ. ಘೋಷಣೆಯನ್ನು ಎಚ್ಚರದಿಂದ ಓದಿದವರಿಗೆ ಇನ್ನೊಂದೂ ಕಾಣುತ್ತದೆ: ಮೊದಲ ಭಾಗದಲ್ಲಿರುವ ‘ಬ್ರಿಟಿಷ್’ ಎಂಬ ವಿಶೇಷಣ ಕೊನೆಯ ಭಾಗದಲ್ಲಿಲ್ಲ. ಅದನ್ನು ಬಿಟ್ಟರೆಂದು ಯಾರೂ ಡಂಗುರ ಹೊಡೆಯಲಿಲ್ಲ.

ಮೇ ತಿಂಗಳಲ್ಲಿ ನೆಹರೂ ಅವರು ಇದನ್ನು ಸಂವಿಧಾನ ಸಭೆಯ ಮುಂದಿಟ್ಟಾಗ ಮೌಲಾನಾ ಹಸ್ರತ್ ಮೊಹಾನಿ ಮೊದಲಾದವರು ಪ್ರತಿಭಟಿಸಿದರು. ಅವರ ಸಂಶಯ ನಿರಾಧಾರವೆಂದು ನಾನು ಹೇಳಲಾರೆ. ಮುನ್ನೂರು ವರ್ಷಗಳಲ್ಲಿ ಇಷ್ಟು ಯಜಮಾನರನ್ನು ಬದಲಿಸಿದ ಮಾತನ್ನು ಯಾರು ತಾನೆ ಸುಲಭವಾಗಿ ನಂಬಿಯಾರು? ಆದರೆ ನನಗೆ ತೋರುವಂತೆ, ಅರ್ಥ ಗಟ್ಟಿಯಾಗಿ ನಿಲ್ಲದ ಮಾತಾದುದರಿಂದಲೇ ಅಂದು ಅದು ಕೆಲಸಕ್ಕೆ ಬಂದಿತು. ‘ಎಂಪೈರ್’ ಎಂಬುದನ್ನು ಹೀಗೆ ಬಗ್ಗಿಸಲಾಗುತ್ತಿರಲಿಲ್ಲ.

ಈಗ ಈ ಕೂಟದಲ್ಲಿ 56 ದೇಶಗಳಿವೆ. ಅವುಗಳಲ್ಲಿ 36 ಗಣರಾಜ್ಯಗಳು. 2022ರಿಂದ ಅದರ ಮುಖ್ಯಸ್ಥರಾಗಿರುವ ದೊರೆಯ ಹೆಸರು ಮೂರನೆಯ ಚಾರ್ಲ್ಸ್.