ಊರಿನ ತಲೆ ಮೇಲೆ ಹಾದುಹೋದ ಕರೆಂಟು

ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ಇವತ್ತಿಗೂ ಬಹಳಷ್ಟು ಮನೆಗಳಲ್ಲಿ ಅಡುಗೆ ಆಗೋದು ಇದ್ದಿಲ ಒಲೆ ಮೇಲೆ. ಅಲ್ಲಿನ ಲಿಂಗಾಲ ಭಾಷೆಯಲ್ಲಿ ಇದ್ದಿಲಿಗೆ ‘ಮಕಾಲಾ’ ಅಂತಾರೆ. ಆ ಮೂಟೆಗಳಿಗಾಗಿ ಸುತ್ತಲಿನ ಕಾಡು ಬೋಳಾಗ್ತಿದೆ. ಆದ್ರೆ ಕೇಳಿ, ಅದೇ ನದಿಯ ಕೆಳಭಾಗದಲ್ಲಿ, ಇಂಗಾ ಅನ್ನೋ ಜಾಗದಲ್ಲಿ, 1972ರಿಂದಲೇ ಜಲವಿದ್ಯುತ್ ತಯಾರಾಗ್ತಿದೆ! 1982ರಲ್ಲಿ ಎರಡನೇ ಘಟಕವೂ ಶುರುವಾಯ್ತು.

ಹಾಗಾದ್ರೆ ಕರೆಂಟ್ ಎಲ್ಲಿಗೆ ಹೋಯ್ತು? ಅಧ್ಯಕ್ಷ ಮೊಬುಟು ಸರ್ಕಾರ ಇಂಗಾದಿಂದ ಕಟಾಂಗಾದ ತಾಮ್ರದ ಗಣಿಗಳವರೆಗೆ ಸುಮಾರು 1,700 ಕಿಲೋಮೀಟರ್ ಉದ್ದದ ಲೈನ್ ಎಳೀತು. ಅದು ಡಿಸಿ ಲೈನ್. ನಡುವೆ ಎಲ್ಲಾದ್ರೂ ಕರೆಂಟ್ ಇಳಿಸ್ಬೇಕಂದ್ರೆ ದುಬಾರಿ ಪರಿವರ್ತನಾ ಕೇಂದ್ರವೇ ಬೇಕು. ಹಾಗಾಗಿ ದಾರಿಯಲ್ಲಿದ್ದ ಹಳ್ಳಿಗಳಿಗೆ ದಕ್ಕಿದ್ದು ತಂತಿಯ ನೆರಳು ಮಾತ್ರ.

ಕಾಮರ್ಸ್ ಓದಿದ ನನಗೆ ಸಾಲ ಕೊಟ್ಟವರ ಲೆಕ್ಕ ಅರ್ಥವಾಗುತ್ತೆ: ತಾಮ್ರ ಮಾರಿದ್ರೆ ಡಾಲರ್ ಬರುತ್ತೆ, ಅಡುಗೆಮನೆಯಿಂದ ಬರಲ್ಲ. ಇದರಲ್ಲಿ ರಾಜಕೀಯವೂ ಇತ್ತು. 1960ರಲ್ಲಿ ಕಟಾಂಗಾ ದೇಶದಿಂದ ಬೇರೆಯಾಗಲು ಹೊರಟಿತ್ತು. ಈಗ ಅದರ ಸ್ವಿಚ್ಚು ರಾಜಧಾನಿಯ ಕಡೆ ಬಂತು. ಆಮೇಲೆ ತಾಮ್ರದ ಬೆಲೆ ಬಿತ್ತು, ರಿಪೇರಿ ಇಲ್ಲದೆ ಟರ್ಬೈನುಗಳು ನಿಂತವು. ಸಾಲ ಮಾತ್ರ ನಿಲ್ಲಲಿಲ್ಲ.

2013–14ರಲ್ಲಿ ಇಂಗಾ-3ರ ಯೋಜನೆ ಬಂತು. ಒಟ್ಟು 4,800 ಮೆಗಾವ್ಯಾಟ್. ಅದರಲ್ಲಿ ದಕ್ಷಿಣ ಆಫ್ರಿಕಾಗೆ 2,500, ಗಣಿಗಳಿಗೆ 1,300. ಕಿನ್ಶಾಸಾದ ಕಡೆಗೆ ಉಳಿದಿದ್ದು 1,000.