ಮಂಗನ ಕಾಯಿಲೆ

ಉಣುಗಿನ ಕಡಿತದಿಂದ ಬರುವ ವೈರಸ್ ಜ್ವರ. ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಎಂದೂ ಕರೆಯುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾಯಿತು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಡಿಸೆಂಬರಿನಿಂದ ಮೇವರೆಗೆ ಸೊಪ್ಪು, ಸೌದೆ, ದರಗು ತರಲು ಹೋದವರಿಗೆ ಸಾಸಿವೆಗಿಂತ ಸಣ್ಣ ಮರಿ ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡದು. ರೋಗಿಯನ್ನು ದೂರವಿಡುವುದು ಅನ್ಯಾಯ.

ಸೋಂಕು ತಗುಲಿದ 3ರಿಂದ 8 ದಿನಗಳಲ್ಲಿ ಚಳಿ, ವಿಪರೀತ ಜ್ವರ, ತಲೆಸಿಡಿತ, ಮೈಕೈ ನೋವು. ಪ್ಲೇಟ್‌ಲೆಟ್ ಕುಸಿದು ವಸಡು, ಮೂಗು, ಕರುಳಿನಲ್ಲಿ ರಕ್ತ ಒಸರಬಹುದು. ಕೆಲವರಿಗೆ ಬಿಟ್ಟ ಜ್ವರ ಒಂದೆರಡು ವಾರದಲ್ಲಿ ಮರುಕಳಿಸಿ ಮಿದುಳನ್ನು ಬಾಧಿಸುತ್ತದೆ. ಸಾವಿನ ಪ್ರಮಾಣ ಶೇ 3ರಿಂದ 5.

ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ದ್ರವಾಂಶ, ಜ್ವರಕ್ಕೆ ಪ್ಯಾರಾಸಿಟಮಾಲ್, ಬೇಕಾದರೆ ರಕ್ತ ಕೊಟ್ಟು ದೇಹವನ್ನು ಕಾಯುವುದೇ ಚಿಕಿತ್ಸೆ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ಕೂಡದು. ದಶಕಗಳ ಕಾಲ ಕೊಟ್ಟ ಲಸಿಕೆಯ ರಕ್ಷಣೆ ಸಾಲದೆ 2022ರಲ್ಲಿ ನಿಲ್ಲಿಸಲಾಯಿತು. ಮಲೆನಾಡಿನ ಬಡ ಕೂಲಿಕಾರರು ಇಷ್ಟು ವರ್ಷ ಒಳ್ಳೆಯ ಲಸಿಕೆಗೆ ಕಾಯಬೇಕಾದದ್ದು ನೋವಿನ ಸಂಗತಿ. ಕಾಡಿಗೆ ಹೋಗುವ ಮುನ್ನ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಬಂದೊಡನೆ ಬಿಸಿನೀರಿನಲ್ಲಿ ಮೈ ತೊಳೆಯಿರಿ; ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.