ಹದಿನೈದು ನಿಮಿಷದ ಭೇಟಿ

ಮಿತ್ರರೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದು, “ನಾಳೆ ನನ್ನೊಡನೆ ಒಂದು ಕಡೆ ಬರುತ್ತೀರಾ?” ಎಂದು ಕೇಳಿದರು. ಹೋಗಬೇಕಾಗಿದ್ದುದು ಕುಡಿತ ಬಿಡಬೇಕೆನ್ನುವವರ ಒಂದು ಸಭೆಗೆ. ಸ್ಥಳವನ್ನೂ ಹೊತ್ತನ್ನೂ ಅವರೇ ವಿಚಾರಿಸಿ ತಿಳಿದಿದ್ದರು. ಎರಡು ಸಲ ಆ ಬೀದಿಯ ತನಕ ಹೋಗಿ ಹಿಂದಿರುಗಿಯೂ ಇದ್ದರು. “ಬಾಗಿಲಲ್ಲಿ ಭಿಕ್ಷೆಗೆ ನಿಂತ ಹಾಗಾಗುತ್ತದೆ” ಎಂದರು. ನಾನು ಇತಿಹಾಸದ ಮೇಷ್ಟ್ರು. ಸಮಾಧಾನ ಹೇಳುವ ವಿದ್ಯೆ ನನಗೆ ಬಾರದು. ಬಲ್ಲ ವಿದ್ಯೆಯನ್ನೇ ನಂಬಿ, ಇಂಥ ಸಭೆಗಳು ಹುಟ್ಟಿದ ಬಗೆಯನ್ನು ಅವರಿಗೆ ಹೇಳಿದೆ. ಅವರ ಒಪ್ಪಿಗೆ ಪಡೆದು ಇಂದು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಮೆರಿಕದ ಒಹಾಯೋ ರಾಜ್ಯದಲ್ಲಿ ಆಕ್ರನ್ ಎಂಬ ನಗರವಿದೆ. ಮೋಟಾರು ಗಾಡಿಗಳ ಟಯರಿಗೆ ಹೆಸರಾಗಿದ್ದ ಊರು. 1935ನೆಯ ಇಸವಿ ಮೇ 11, ಶನಿವಾರ. ಅಲ್ಲಿನ ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಒಂಟಿಯಾಗಿ ಶತಪಥ ಹಾಕುತ್ತಿದ್ದ. ಬಂದ ಕೆಲಸ ಕೆಟ್ಟಿತ್ತು; ಜೇಬು ಬರಿದಾಗಿತ್ತು. ಅವನು ಕುಡಿತ ಬಿಟ್ಟು ಐದು ತಿಂಗಳಾಗಿತ್ತು, ಅಷ್ಟೆ. ಪಡಸಾಲೆಯ ಒಂದು ಕಡೆ ಪಾನಗೃಹ; ಅಲ್ಲಿಂದ ನಗೆ, ಮಾತು, ಗಾಜಿನ ಸದ್ದು. ಇನ್ನೊಂದು ಕಡೆ ಟೆಲಿಫೋನು. ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ದೇಶ ಸಂವಿಧಾನವನ್ನೇ ತಿದ್ದಿ 1920ರಿಂದ 1933ರವರೆಗೆ ಪಾನನಿರೋಧವನ್ನು ಜಾರಿಯಲ್ಲಿಟ್ಟಿತ್ತು. ಕಾಯಿದೆ ಬಂದು ಹೋಯಿತು, ಕುಡಿತ ಉಳಿಯಿತು. ವಿಲ್ಸನ್ ಅನೇಕ ಸಲ ಆಸ್ಪತ್ರೆ ಸೇರಿ ಹೊರಬಂದವನು. 1934ರ ಡಿಸೆಂಬರಿನಲ್ಲಿ ಹೇಗೋ ಬಿಡುಗಡೆಯಾದ ಮೇಲೆ, ಉಳಿದ ಕುಡುಕರನ್ನು ಉದ್ಧರಿಸಲು ಹೊರಟ. ಹುಡುಕಿ ಹುಡುಕಿ ಉಪದೇಶ ಮಾಡಿದ. ಅವರಲ್ಲಿ ಒಬ್ಬನೂ ಕುಡಿತ ಬಿಟ್ಟು ನಿಲ್ಲಲಿಲ್ಲ. ಅವನಿಗೆ ಚಿಕಿತ್ಸೆ ನೀಡಿದ್ದ ಡಾಕ್ಟರ್ ಸಿಲ್ಕ್‌ವರ್ತ್ ಆಗ ಒಂದು ಬುದ್ಧಿ ಹೇಳಿದರು: ಉಪದೇಶ ಸಾಕು, ಮೊದಲು ರೋಗದ ಮಾತಾಡು. ಹೆಂಡತಿ ಲೋಯಿಸ್ ಇನ್ನೊಂದು ಸಂಗತಿಯನ್ನು ಗುರುತಿಸಿದಳು: ಕೇಳಿದವರು ಬಿಡದಿದ್ದರೇನಂತೆ, ಹೇಳಿದವನು ಕುಡಿದಿರಲಿಲ್ಲವಲ್ಲ!

ಪಡಸಾಲೆಯಲ್ಲಿ ವಿಲ್ಸನ್ನನಿಗೆ ಈ ಮಾತಿನ ಅರ್ಥ ಪೂರ್ತಿಯಾಗಿ ಹೊಳೆಯಿತು. ಅವನಿಗೆ ಆ ಕ್ಷಣ ಬೇಕಾಗಿದ್ದುದು ಗುರುವಲ್ಲ, ವೈದ್ಯನಲ್ಲ, ಇನ್ನೊಬ್ಬ ಕುಡುಕ. ಅವನನ್ನು ಉಳಿಸುವುದಕ್ಕಲ್ಲ, ತಾನು ಉಳಿಯುವುದಕ್ಕೆ. ಪಟ್ಟಿಯಲ್ಲಿದ್ದ ಪಾದ್ರಿಯೊಬ್ಬರಿಗೆ ಫೋನು ಮಾಡಿದ. ಅವರು ಕೊಟ್ಟ ಹೆಸರುಗಳನ್ನು ಒಂದೊಂದಾಗಿ ಹಿಡಿದು ಹೋಗಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲಪಿದ. ಆಕೆಗೆ ಅಂಥವರೊಬ್ಬರ ಪರಿಚಯವಿತ್ತು: ಊರಿನ ಶಸ್ತ್ರವೈದ್ಯ ಡಾಕ್ಟರ್ ರಾಬರ್ಟ್ ಸ್ಮಿತ್.

ಮಾರನೆಯ ದಿನ, ಭಾನುವಾರ ಸಂಜೆ ಐದಕ್ಕೆ, ಡಾಕ್ಟರು ಹೆಂಡತಿಯ ಒತ್ತಾಯಕ್ಕೆ ಆಕೆಯ ಮನೆಗೆ ಬಂದರು. ಐವತ್ತೈದರ ವಯಸ್ಸು, ಕೈ ನಡುಗುತ್ತಿತ್ತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಷರತ್ತು ಹಾಕಿಯೇ ಬಂದಿದ್ದರು. ಮಾತು ಮುಗಿದಾಗ ರಾತ್ರಿ ಹನ್ನೊಂದು ದಾಟಿತ್ತು.

ಮದ್ಯದ ಕೆಡುಕು ಆ ವೈದ್ಯರಿಗೆ ತಿಳಿಯದ ವಿಷಯವೇ? ಪ್ರಾರ್ಥನೆಯ ಕೂಟಗಳಿಗೂ ಅವರು ಹೋಗುತ್ತಿದ್ದರು. ಬುದ್ಧಿ ಹೇಳಿದವರು ಬೇಕಾದಷ್ಟಿದ್ದರು. ಆದರೆ ಅನುಭವಿಸಿ ಬಲ್ಲವನೊಬ್ಬನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲೆಂದು ಅವರೇ ಮುಂದೆ ಬರೆದಿದ್ದಾರೆ. ಅಂದು ವಿಲ್ಸನ್ ಉಪದೇಶ ಮಾಡಲಿಲ್ಲ. ತನ್ನ ಕಥೆ ಹೇಳಿಕೊಂಡ. ಉಪಕಾರ ಮಾಡಲು ಬಂದವನಂತೆ ಕೂರಲಿಲ್ಲ, ಉಪಕಾರ ಬೇಡಿ ಬಂದವನಂತೆ ಕುಳಿತ.

ಇದನ್ನು ಪವಾಡವೆನ್ನಬಾರದು. ಕೆಲವು ವಾರಗಳಲ್ಲೇ ಡಾಕ್ಟರು ವೈದ್ಯರ ಸಮ್ಮೇಳನಕ್ಕೆ ಹೋದವರು ಮತ್ತೆ ಕುಡಿದು ಬಂದರು. ಆಮೇಲೆ ಒಂದು ಬೆಳಿಗ್ಗೆ ಶಸ್ತ್ರಚಿಕಿತ್ಸೆಯೊಂದಿತ್ತು. ಕೈ ಸ್ಥಿಮಿತಕ್ಕೆ ಬರಲೆಂದು ವಿಲ್ಸನ್ನನೇ ಒಂದು ಬಾಟಲಿ ಬಿಯರು ಕುಡಿಸಿದ. ಅದೇ ಕೊನೆಯದು. 1950ರಲ್ಲಿ ತೀರಿಕೊಳ್ಳುವವರೆಗೂ ಅವರು ಮತ್ತೆ ಮುಟ್ಟಲಿಲ್ಲ. ಆ ದಿನವನ್ನು ಜೂನ್ 10 ಎಂದು ಲೆಕ್ಕ ಹಾಕಿ ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ. ಇಬ್ಬರೂ ಕೂಡಿ ಆಸ್ಪತ್ರೆಯ ಮಂಚದ ಮೇಲಿದ್ದ ವಕೀಲನೊಬ್ಬನ ಪಕ್ಕದಲ್ಲಿ ಕುಳಿತರು, ಇಬ್ಬರಿದ್ದವರು ಮೂವರಾದರು. 1939ರಲ್ಲಿ ಹೊರಬಂದ ಪುಸ್ತಕದಿಂದ ಸಂಘಕ್ಕೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಹೆಸರು ನಿಂತಿತು: ಹೆಸರು ಬಯಲಾಗದ ಮದ್ಯವ್ಯಸನಿಗಳು. ಶುಲ್ಕವಿಲ್ಲ, ಅಪ್ಪಣೆಯಿಲ್ಲ, ಒಬ್ಬೊಬ್ಬರೂ ತಮ್ಮ ಕಥೆಯನ್ನಷ್ಟೇ ಹೇಳುತ್ತಾರೆ.

ಇಷ್ಟನ್ನು ಕೇಳಿ ನನ್ನ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. “ಹಾಗಾದರೆ ನನ್ನಿಂದಲೂ ಅವರಿಗೆ ಏನೋ ಆಗಬೇಕಾಗಿದೆ ಎನ್ನುತ್ತೀರಿ” ಎಂದರು. ಇತಿಹಾಸ ಹಾಗೆ ಹೇಳುತ್ತದೆ ಎಂದೆ.

ಮರುದಿನ ಹೋದೆವು. ಅಂದಿನ ಸಭೆ ವ್ಯಸನಿಗಳಿಗೆ ಮಾತ್ರ ಮೀಸಲಾದದ್ದು. ನಾನು ಎದುರಿನ ಕಟ್ಟೆಯ ಮೇಲೆ ಕುಳಿತೆ. ಅವರು ಬಾಗಿಲಲ್ಲಿ ಒಮ್ಮೆ ನಿಂತು, ಚಪ್ಪಲಿ ಬಿಟ್ಟು ಒಳಗೆ ಹೋದರು. ಒಂದೂವರೆ ಗಂಟೆಯಾದ ಮೇಲೆ ಹೊರಬಂದು ಹೇಳಿದ್ದು ಇಷ್ಟೆ: “ನಾನು ಒಂದು ಮಾತೂ ಆಡಲಿಲ್ಲ. ಆದರೂ ಹನ್ನೆರಡು ವರ್ಷದಿಂದ ಕುಡಿಯದಿರುವ ಒಬ್ಬರು ಬಂದು, ನೀವು ಬಂದದ್ದು ನನಗೆ ಉಪಕಾರವಾಯಿತು ಎಂದು ಕೈಮುಗಿದರು.”

ಮುಂದೇನಾಯಿತೆಂದು ನೀವು ಕೇಳಬಹುದು. ಅದನ್ನು ಹೇಳುವ ಹಕ್ಕು ಅವರದು, ನನ್ನದಲ್ಲ.